ಕಪ್ಪಿನ ಬಾಕಿ

ಮತ್ರಾ ಸೂಕಿನ ಮೂರನೆಯ ತಿರುವು, ಲೋಬಾನದಂಗಡಿಯ ಹಿಂದೆ
ನನ್ನ ಸ್ಟೂಲು, ನನ್ನ ಬ್ರಷ್ಷು, ಎರಡು ಸ್ಟೀಲು ಬೋಗುಣಿ.
ಸಮುದ್ರ ಇಲ್ಲಿಂದ ಕಾಣುವುದಿಲ್ಲ. ಆದರೆ ಬರುತ್ತದೆ,
ಗಾಳಿಯೊಳಗೆ ಉಪ್ಪಾಗಿ,
ಗಾಜಿನ ಪೆಟ್ಟಿಗೆಯ ಸಂದಿಯಲ್ಲಿ ನುಸುಳಿ
ತೊಂಬತ್ತೆರಡೂವರೆ ಪಾಲು ಬೆಳ್ಳಿಯನ್ನು ದಾಟಿ
ಉಳಿದ ಏಳೂವರೆ ತಾಮ್ರದ ಕಿವಿ ಹಿಂಡುತ್ತದೆ.

ಗಿರಾಕಿಗಳಿಗೆ ಹೇಳುವುದು ನನಗೆ ಬಾಯಿಪಾಠ:
ಅತ್ತರು ಮೊದಲು, ಸರ ಆಮೇಲೆ.
ಈಜುವಾಗ ಬೇಡ. ರಬ್ಬರ್ ಬ್ಯಾಂಡು ಸುತ್ತಿಡಬೇಡಿ,
ಅದರೊಳಗೆ ಗಂಧಕ ಇದೆ, ರಾತ್ರಿಯೆಲ್ಲ ಕಚ್ಚುತ್ತದೆ.
ಡಬ್ಬಿಯಲ್ಲೊಂದು ಸೀಮೆಸುಣ್ಣದ ತುಂಡು ಹಾಕಿ,
ಪಸೆಯನ್ನು ಅದು ಕುಡಿಯಲಿ.
ಇನ್ನೂ ಒಂದು: ಹಾಕಿಕೊಳ್ಳಿ. ಬೀಗದೊಳಗಿನದ್ದೇ ಬೇಗ ಕಪ್ಪಾಗುವುದು.
ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಬೀಗ ಹಾಕುತ್ತಾರೆ.

ನಮ್ಮ ಆಚಾರಿ ಕೇರಿಯಲ್ಲಾದರೆ ಹುಣಸೆಹಣ್ಣು, ಅಂಟುವಾಳ,
ಕೊನೆಗೊಂದು ಚಿಟಿಕೆ ವಿಭೂತಿ.
ಇಲ್ಲಿ ಬೇಗ ಆಗಬೇಕು. ಬೋಗುಣಿಗೆ ಅಲ್ಯೂಮಿನಿಯಂ ಹಾಳೆ ಹಾಸಿ
ಸೋಡಾ, ಉಪ್ಪು, ಕುದಿನೀರು. ಒಡವೆ ಹಾಳೆಗೆ ತಾಗಿಕೊಂಡಿರಬೇಕು.
ಗುಳ್ಳೆ ಏಳುತ್ತದೆ; ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ;
ಹಾಳೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗಾಗುತ್ತದೆ.
ಪಾಪ ಎಲ್ಲಿಗೂ ಹೋಗುವುದಿಲ್ಲ, ಬೇರೊಬ್ಬರ ಹೆಗಲೇರುತ್ತದೆ
ಎಂದು ಮಾಲೀಕ ಮುರ್ಶಿದ್ ನಗುತ್ತಾನೆ. ಅವನಿಗೆ ದಿನಕ್ಕೆ ಒಂದೇ ನಗು.

ಉಪವಾಸದ ತಿಂಗಳಿಗೆ ಹತ್ತು ದಿನವಿತ್ತು.
ಝುವೈನಾ ಬಂದಳು, ಬಹ್ಲಾದಿಂದ, ಮೊಮ್ಮಗನ ಕಾರಿನಲ್ಲಿ.
ಹೆಸರೇನು ಎಂದಳು. ಶೀನ ಎಂದೆ.
ಅದು ನಮ್ಮದೊಂದು ಅಕ್ಷರ, ಮೂರು ಚುಕ್ಕಿಯದ್ದು ಎಂದು
ಗಾಜಿನ ಮೇಲೆ ಬೆರಳಲ್ಲಿ ಮೂರು ಸಲ ಕುಟ್ಟಿದಳು.
ಆಮೇಲೆ ಬಟ್ಟೆಯ ಗಂಟು ಬಿಚ್ಚಿ ಜೋಡಿ ಕಾಲ್ಕಡಗ ಇಟ್ಟಳು,
ಒಳಗೆ ಕಲ್ಲುಹರಳು ಗಲಗಲ ಎಂದಿತು.
ಕೊಳೆ ತೆಗಿ, ಎಂದಳು. ಇನ್ನೂ ಏನೋ ಎಂದಳು.
ಆ ಇನ್ನೂ ಏನೋ ನನಗೆ ಹತ್ತಲಿಲ್ಲ.
ಹನ್ನೊಂದು ವರ್ಷದ ನನ್ನ ಅರಬಿ
ಬೆಲೆ, ತೂಕ, ನಾಳೆ ಬನ್ನಿ, ಇಷ್ಟರಲ್ಲಿ ಮುಗಿಯುತ್ತದೆ.
ಅರ್ಥವಾದವನಂತೆ ತಲೆಯಾಡಿಸಿದೆ.

ಕುದಿನೀರಿನಿಂದ ಎತ್ತಿದಾಗ ಹೊಸ ಚಮಚದ ಹಾಗಿತ್ತು.
ಖರ್ಜೂರದ ಗರಿ, ಮೀನಿನ ಬೆನ್ನು, ಸುತ್ತ ಸಣ್ಣ ಅಲೆ,
ಒಂದೂ ಕಾಣದಷ್ಟು ಬಿಳಿ.

ಅವಳು ಬೈಯಲಿಲ್ಲ. ಒಂದನ್ನು ತಿರುಗಿಸಿದಳು, ಇನ್ನೊಂದನ್ನೂ,
ಗೆರೆಗಳನ್ನು ಉಗುರಿನಿಂದ ಹುಡುಕಿದಳು.
ಇದು ಯಾರದ್ದು? ಎಂದಳು. ನನ್ನ ಅಮ್ಮನದ್ದು ಕೊಡು.
ಇದು ಮಾತ್ರ ಪೂರಾ ಅರ್ಥವಾಯಿತು.

ಗೆರೆಯೊಳಗಿನ ಕಪ್ಪು ಬೆಳ್ಳಿಯ ಕಾಡಿಗೆ,
ಮುಟ್ಟಿದರೆ ನೋಡು, ಎಂದು ಅಪ್ಪ
ನನ್ನ ಹತ್ತನೆಯ ವಯಸ್ಸಿಗೇ
ಇಕ್ಕಳದಿಂದ ಬೆರಳ ಗೆಣ್ಣಿಗೆ ಕುಟ್ಟಿ ಹೇಳಿದ್ದ.

ಆ ರಾತ್ರಿ ರೂಮಿನಲ್ಲಿ
ತೊಫಜ್ಜಲ್ ಬೆಳಗಿನ ಪಾಳಿಗೆಂದು ಬೇಯಿಸಿಟ್ಟ ನಾಲ್ಕು ಮೊಟ್ಟೆ ಕದ್ದೆ.
ಬಿಸಿಯಿರುವಾಗಲೇ ಸಿಪ್ಪೆ ಸಮೇತ ಹಿಸುಕಿ ಪ್ಲಾಸ್ಟಿಕ್ ಚೀಲಕ್ಕೆ,
ಪಕ್ಕದಲ್ಲಿ, ತಾಗದಂತೆ, ಕಡಗ. ಬಾಯಿ ಬಿಗಿದೆ.
ಹೋಗುವಾಗ ಯಾವ ವಾಸನೆ ಎದ್ದಿತ್ತೋ
ಮರಳುವಾಗಲೂ ಅದೇ.
ಎಸಿ ಕೆಟ್ಟ ರೂಮಿನಲ್ಲಿ ಏಳು ಜನ ಮೂಗು ಮುಚ್ಚಿ ಮಲಗಿ
ನನ್ನ ವಂಶವನ್ನು ಐದು ಭಾಷೆಯಲ್ಲಿ ನೆನೆದರು.
ಒಂದು ಗಂಟೆಗೆ ಹಿತ್ತಾಳೆಯ ಬಣ್ಣ, ಮೂರಕ್ಕೆ ಕಂದು,
ಬಾಂಗಿನ ಹೊತ್ತಿಗೆ ನೀಲಿ ಹಾಯ್ದ ಕಪ್ಪು.
ಉಬ್ಬಿದ್ದನ್ನಷ್ಟೇ ಹೆಬ್ಬೆರಳಿನಿಂದ ಉಜ್ಜಿದೆ, ಸುಣ್ಣದ ಹುಡಿ ಹಾಕಿ.
ತಗ್ಗಿನದ್ದು ತಗ್ಗಿನಲ್ಲೇ ಉಳಿಯಿತು.
ಮೊದಲು ಮೀನು ಬಂತು. ಆಮೇಲೆ ಅದರ ಕೆಳಗೆ ಅಲೆ.

ಝುವೈನಾ ಮೂಸಿ ನೋಡಿದಳು.
ಅಮ್ಮ ಮೊಟ್ಟೆ ವಾಸನೆ ಬರುತ್ತಿರಲಿಲ್ಲ, ಎಂದಳು.
ನನ್ನ ಸ್ಟೂಲಿನ ಮೇಲೆಯೇ ಕೂತು ಹಾಕಿಕೊಂಡಳು.
ಒಂದು ಹತ್ತಿತು. ಇನ್ನೊಂದು ಕಾಲು ಊದಿತ್ತು;
ಆ ಕಡಗವನ್ನು ಕೈಯಲ್ಲಿ ಹಿಡಿದೇ ಹೊರಟಳು.
ಲೋಬಾನದಂಗಡಿ ದಾಟಿ, ತಿರುವು ದಾಟಿ,
ಒಂಟಿ ಕಾಲಿನ ಗಲಗಲ ಸುಮಾರು ದೂರ ಕೇಳಿಸಿತು.

ತೊಫಜ್ಜಲನ ನಾಲ್ಕು ಮೊಟ್ಟೆ ಇನ್ನೂ ಬಾಕಿ ಇದೆ.